ತಂಗಿ ಇನ್ಸುಲಿನ್ ಬಿಡುತ್ತಿದ್ದಾಳೆ, ದಪ್ಪ ಆಗ್ತೀನಿ ಅಂತ. ಏನು ಮಾಡಲಿ?

ಸೇಡಂ_ಅಕ್ಕ
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಯಾರ ಮುಂದೆಯೂ ಹೇಳಲು ಆಗದೆ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಂಗಿಗೆ ಈಗ 17. ಒಂಬತ್ತು ವರ್ಷದವಳಿದ್ದಾಗ ಟೈಪ್ 1 ಶುಗರ್ ಬಂತು, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗದ ಶುಗರ್. ಈಗ ಕಲಬುರಗಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದುತ್ತಿದ್ದಾಳೆ. ದಿನಕ್ಕೆ ನಾಲ್ಕು ಸೂಜಿ. ಎಲ್ಲಾ ಅವಳೇ ಹಾಕಿಕೊಳ್ಳುತ್ತಾಳೆ. ಹತ್ತನೇ ಕ್ಲಾಸಿನ ತನಕ ಒಂದು ದಿನವೂ ತಪ್ಪಿಸಿದವಳಲ್ಲ.

ದೀಪಾವಳಿಗೆ ಊರಿಗೆ ಬಂದಾಗ ಬಹಳ ಇಳಿದಿದ್ದಳು. ಬಂದವರೆಲ್ಲಾ "ಈಗ ಚೆಂದ ಕಾಣ್ತಿ ನೋಡವ್ವಾ" ಅಂದರು. ನಾನೂ ಅಂದೆ. ಆ ಮಾತು ಈಗ ನನಗೇ ಚುಚ್ಚುತ್ತಿದೆ. ಯಾಕೆಂದರೆ ರಾತ್ರಿ ನಾಲ್ಕೈದು ಸಲ ಒಂದಕ್ಕೆ ಏಳುತ್ತಿದ್ದಳು. ತಂಬಿಗೆ ತಂಬಿಗೆ ನೀರು ಕುಡಿಯುತ್ತಿದ್ದಳು. ಇದು ಅವಳಿಗೆ ಶುಗರ್ ಬಂದ ಹೊಸದರಲ್ಲಿ ನಾವು ನೋಡಿದ್ದೇ.

ಅವಳ ಬ್ಯಾಗಿನಲ್ಲಿದ್ದ, ಇನ್ಸುಲಿನ್ ಪೆನ್ನಿಗೆ ಹಾಕುವ ಕಾರ್ಟ್ರಿಜ್ ಎಣಿಸಿದೆ. ಒಂದರಲ್ಲಿ 300 ಯೂನಿಟ್ ಇರುತ್ತದೆ. ಊಟಕ್ಕೆ ಮುಂಚೆ ಹಾಕುವುದು ಅವಳಿಗೆ ದಿನಕ್ಕೆ 25-30 ಯೂನಿಟ್ ಬೇಕು. ಹತ್ತು ಹನ್ನೆರಡು ದಿನಕ್ಕೆ ಒಂದು ಮುಗಿಯಬೇಕು. ಎರಡು ತಿಂಗಳ ಹಿಂದೆ ಕೊಡಿಸಿದ ಐದರಲ್ಲಿ ಮೂರು ಹಾಗೇ ಇವೆ. ಬರೆದಿಡುವ ಪುಸ್ತಕದಲ್ಲಿ ಮಾತ್ರ ದಿನಾ 120, 130, 125.

ಕೇಳಿದೆ. ಮೊದಲು ಸಿಟ್ಟು, ಆಮೇಲೆ ಅಳು. "ಸೂಜಿ ಹಾಕ್ಕೊಂಡ್ರ ದಪ್ಪ ಆಗ್ತೀನಿ ಅಕ್ಕಾ. ಅಪ್ಪಗ ಹೇಳಬ್ಯಾಡ" ಅಂತ ಆಣೆ ಮಾಡಿಸಿಕೊಂಡಳು. ಇದು ಬರೇ ಹಟಾನಾ, ಅಥವಾ ಕಾಯಿಲೆಯಾ? ಹೇಗೆ ಮಾತಾಡಬೇಕು?

ಬಿಸಿಲ_ನಾಡಿನವ
ಮೊದಲು ಈಗಲೇ ಶುಗರ್ ಚೆಕ್ ಮಾಡಿ ಅಕ್ಕಾ. ನಿಮ್ಮ ಎದುರೇ. ಉಳಿದ ಮಾತು ಆಮೇಲೆ.

ಯಾದಗಿರಿ_ಸಿಸ್ಟರ್
ನಾನು ವಾರ್ಡಿನಲ್ಲಿ ನರ್ಸ್. ಮೇಲಿನವರು ಹೇಳಿದ್ದು ಸರಿ. 250 ದಾಟಿದ್ದರೆ ಮೆಡಿಕಲ್ ಶಾಪಿನಿಂದ ಮೂತ್ರದ ಕೀಟೋನ್ ಸ್ಟ್ರಿಪ್ ತಂದು ನೋಡಿ. ವಾಂತಿ, ಹೊಟ್ಟೆನೋವು, ಉದ್ದುದ್ದ ಉಸಿರು, ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ, ಮಂಪರು, ಇದರಲ್ಲಿ ಒಂದಿದ್ದರೂ ಸ್ಟ್ರಿಪ್ ಹುಡುಕುತ್ತಾ ಕೂರಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ಅದಕ್ಕೆ ಡಿಕೆಎ ಅನ್ನುತ್ತಾರೆ. ಇನ್ಸುಲಿನ್ ಇಲ್ಲದೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ, ಮೈಗೆ ಸಿಗುವುದಿಲ್ಲ. ಆಗ ಮೈ ತನ್ನ ಕೊಬ್ಬನ್ನೇ ಒಡೆಯುತ್ತದೆ. ಅದರಿಂದ ಕೀಟೋನ್ ಬಂದು ರಕ್ತ ಹುಳಿಯಾಗುತ್ತದೆ. ಒಂದೇ ದಿನದಲ್ಲಿ ಜೀವಕ್ಕೆ ಬರಬಹುದು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇದು ಹಟ ಅಲ್ಲ. ತೂಕದ ಹೆದರಿಕೆಗೆ ಇನ್ಸುಲಿನ್ ಬಿಡುವುದಕ್ಕೆ ಜನ ಡಯಾಬುಲಿಮಿಯಾ ಅನ್ನುತ್ತಾರೆ. ಮಾನಸಿಕ ಕಾಯಿಲೆಗಳ ಅಧಿಕೃತ ಪಟ್ಟಿಯಲ್ಲಿ ಈ ಹೆಸರು ಬೇರೆಯಾಗಿ ಇಲ್ಲ. ಆದರೆ ಊಟದ ಕಾಯಿಲೆಗಳಲ್ಲಿ ಒಂದು ಅಂತಲೇ ಡಾಕ್ಟರು ನೋಡುತ್ತಾರೆ. ಬೈದರೆ ಹೋಗುವುದಿಲ್ಲ. ಇನ್ನೂ ಒಳಗೆ ಬಚ್ಚಿಡುತ್ತಾಳೆ.

ಜೇವರ್ಗಿ_ಕಾಕಾ
ತಪ್ಪು ತಿಳಿಯಬ್ಯಾಡವ್ವಾ. ನಮ್ಮ ಕಾಲದಲ್ಲಿ ಎರಡು ಏಟು ಬಿದ್ದರೆ ಎಲ್ಲಾ ಸರಿ ಆಗುತ್ತಿತ್ತು. ಮೊಬೈಲ್ ಕಸಿದುಕೊಳ್ಳಿ. ಅದರಲ್ಲಿ ಬರುವ ಕಡ್ಡಿಯಂಥ ಹುಡುಗಿಯರನ್ನು ನೋಡಿ ಇವೂ ಹಾಗೇ ಆಗಬೇಕು ಅಂತಾವೆ. ಹಾಸ್ಟೆಲ್ ಬಿಡಿಸಿ ಮನೆಗೆ ಕರಕೊಂಡು ಬನ್ನಿ.

ಬೀದರ್_ಕೋಟೆ_ಹುಡುಗಿ
ಕಾಕಾ, ನಿಮ್ಮ ವಯಸ್ಸಿಗೆ ಗೌರವ ಕೊಟ್ಟೇ ಹೇಳುತ್ತೇನೆ. ನನಗೂ ಏಟು ಬಿದ್ದಿದೆ. ಅದರಿಂದ ನಾನು ಕಲಿತದ್ದು ಇನ್ನೂ ಚೆನ್ನಾಗಿ ಸುಳ್ಳು ಹೇಳುವುದನ್ನು ಮಾತ್ರ.

ಅಕ್ಕಾ, ನನಗೆ ಈಗ 31. ಹನ್ನೆರಡಕ್ಕೆ ಟೈಪ್ 1 ಬಂತು. 19ರಿಂದ 23ರ ತನಕ ನಿಮ್ಮ ತಂಗಿ ಮಾಡುತ್ತಿರುವುದನ್ನೇ ನಾನೂ ಮಾಡಿದೆ. ಎಲ್ಲಿಂದ ಶುರುವಾಯಿತು ಹೇಳುತ್ತೇನೆ. ಶುಗರ್ ಗೊತ್ತಾಗುವ ಮುಂಚೆ ನಾನು ಎಲುಬಿನ ಗೂಡಾಗಿದ್ದೆ. ಇನ್ಸುಲಿನ್ ಕೊಟ್ಟ ಮೇಲೆ ಕಳಕೊಂಡ ತೂಕ ವಾಪಸ್ ಬಂತು. ಅದು ಗುಣ ಆಗುವ ಲಕ್ಷಣ. ಆದರೆ ಮದುವೆ ಮನೆಯಲ್ಲಿ ಅತ್ತೆಯರು "ಸೂಜಿಗೆ ಉಬ್ಬ್ಯಾಳ" ಅಂದರು. ಅವತ್ತಿನಿಂದ ಇನ್ಸುಲಿನ್ ಅಂದರೆ ಉಬ್ಬುವ ಮದ್ದು ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಇನ್ನೊಂದು ಇದೆ, ಇದನ್ನು ಯಾರೂ ಕೇಳುವುದಿಲ್ಲ. ಟೈಪ್ 1 ಇರುವವರಿಗೆ ಪ್ರತಿ ತುತ್ತೂ ಲೆಕ್ಕ. ಇದು ತಿನ್ನಬೇಡ, ಅದು ಮುಟ್ಟಬೇಡ. ತಟ್ಟೆ ಮುಂದೆ ಬಂದರೆ ಮನೆಯವರ ಕಣ್ಣೆಲ್ಲಾ ನನ್ನ ಕೈ ಮೇಲೆ. ಆಮೇಲೆ ನಡುರಾತ್ರಿ ಶುಗರ್ ಲೋ ಆಗುತ್ತದೆ. ಕೈ ನಡುಗುತ್ತದೆ, ಬೆವರು ಬರುತ್ತದೆ, ಸಿಕ್ಕಿದ್ದೆಲ್ಲಾ ಬಾಯಿಗೆ ಹಾಕಿಕೊಳ್ಳಬೇಕು ಅನಿಸುತ್ತದೆ. ಕತ್ತಲಲ್ಲಿ ಕೂತು ಶೇಂಗಾ ಉಂಡಿ ಡಬ್ಬಿ ಅರ್ಧ ಖಾಲಿ ಮಾಡಿದ್ದೇನೆ. ಬೆಳಿಗ್ಗೆ ಅವ್ವ ಡಬ್ಬಿ ನೋಡಿ ಬೈದಳು. ನಾಚಿಕೆ, ಹೆದರಿಕೆ, ಅದರ ಮೇಲೆ ಸೂಜಿ ಬಿಡುವುದು. ಈ ಚಕ್ರದಲ್ಲೇ ನಾಲ್ಕು ವರ್ಷ ಹೋಯಿತು.

ಎರಡು ಸಲ ಐಸಿಯು ಸೇರಿದೆ. ಕಣ್ಣಿಗೆ ಲೇಸರ್ ಮಾಡಿಸಿದೆ. ಈಗಲೂ ರಾತ್ರಿ ಪಾದ ಉರಿಯುತ್ತದೆ. ಎರಡನೇ ಸಲ ಸೇರಿದಾಗ ಒಬ್ಬ ಡಾಕ್ಟರಮ್ಮ ಪಕ್ಕದಲ್ಲಿ ಕೂತು ಕೇಳಿದರು, "ತೂಕದ ಚಿಂತೆಗೆ ಬಿಡ್ತೀಯೇನಮ್ಮಾ? ಬಹಳ ಜನ ಹಾಗೆ ಮಾಡ್ತಾರೆ." ನನ್ನೊಬ್ಬಳದೇ ಪಾಪ ಅಂದುಕೊಂಡಿದ್ದೆ. ಅವತ್ತು ಬಾಯಿ ಬಿಟ್ಟೆ.

ಸೇಡಂ_ಅಕ್ಕ
ಚೆಕ್ ಮಾಡಿದೆವು. 418. ವಾಂತಿ ಇಲ್ಲ, ಹೊಟ್ಟೆ ನೋಯುತ್ತಿದೆ ಅಂತಾಳೆ. ಅಪ್ಪನಿಗೆ ಹೇಳಿದೆ, ಆಣೆ ಮುರಿದೆ. ಕಲಬುರಗಿಗೆ ಹೊರಟಿದ್ದೇವೆ.

ಯಾದಗಿರಿ_ಸಿಸ್ಟರ್
ಒಳ್ಳೆಯದು ಮಾಡಿದಿರಿ. ದಾರಿಯಲ್ಲಿ ನೀರು ಕುಡಿಸುತ್ತಿರಿ. ಅಲ್ಲಿ ಹೋದ ಕೂಡಲೇ "ಟೈಪ್ 1, ಇನ್ಸುಲಿನ್ ಬಿಟ್ಟಿದ್ದಾಳೆ" ಅಂತ ನೇರವಾಗಿ ಹೇಳಿ. ಹೊಟ್ಟೆನೋವು ಅಂತ ಮಾತ್ರ ಹೇಳಿದರೆ ಗ್ಯಾಸ್ಟ್ರಿಕ್ ಅಂದುಕೊಂಡು ಹೊತ್ತು ಹೋಗಬಹುದು.

ಬಿಸಿಲ_ನಾಡಿನವ
ತಲುಪಿದ ಮೇಲೆ ಒಂದು ಸಾಲು ಹಾಕಿ ಅಕ್ಕಾ.

ನಿವೃತ್ತ_ವಿಜ್ಞಾನ_ಮಾಸ್ತರ್
ಆ ಮಗು ಬೇಗ ಗುಣ ಆಗಲಿ. ಅವರು ಬರುವ ತನಕ ಒಂದು ಮಾತು ಹೇಳುತ್ತೇನೆ.

ಸುಮಾರು 1,900 ವರ್ಷ ಹಿಂದೆ ಅರೆಟಿಯಸ್ ಎಂಬ ಗ್ರೀಕ್ ವೈದ್ಯ ಶುಗರ್ ಕಾಯಿಲೆ ಬಗ್ಗೆ ಬರೆದಿದ್ದಾನೆ. ಮೈಯ ಮಾಂಸವೇ ಕರಗಿ ಮೂತ್ರವಾಗಿ ಹೋಗುತ್ತದೆ ಅಂದ. ಇನ್ಸುಲಿನ್ ಬಿಟ್ಟು "ಇಳಿದೆ" ಅನ್ನುವುದು ಅದೇ. ನೀರು ಹೋಗುತ್ತದೆ, ಮಾಂಸಖಂಡ ಹೋಗುತ್ತದೆ. ಎಷ್ಟು ತಿಂದರೂ ಮೈ ಉಪವಾಸ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದರು. 1922ರ ಜನವರಿಯಲ್ಲಿ 14 ವರ್ಷದ ಹುಡುಗನಿಗೆ ಮೊದಲ ಸೂಜಿ ಕೊಟ್ಟರು. ಅದಕ್ಕೂ ಮುಂಚೆ ಟೈಪ್ 1 ಮಕ್ಕಳಿಗೆ ಇದ್ದ ಒಂದೇ ಉಪಾಯ ಅರೆಹೊಟ್ಟೆ ಇಡುವುದು. ಹಾಗೆ ಇಟ್ಟು ಕೆಲವು ತಿಂಗಳು, ಒಂದೆರಡು ವರ್ಷ ಬದುಕಿಸುತ್ತಿದ್ದರು. ನವೆಂಬರ್ 14 ನಮ್ಮಲ್ಲಿ ಮಕ್ಕಳ ದಿನ, ಬ್ಯಾಂಟಿಂಗ್ ಹುಟ್ಟಿದ್ದೂ ಅದೇ ದಿನ. ಅದಕ್ಕೇ ಅವತ್ತು ವಿಶ್ವ ಮಧುಮೇಹ ದಿನ. ಶಾಲೆಯಲ್ಲಿ ಪ್ರತಿ ವರ್ಷ ಎರಡನ್ನೂ ಸೇರಿಸಿ ಹೇಳುತ್ತಿದ್ದೆ.

ಸಗರನಾಡು_ಮೂಲಿಕೆ
ಇಂಗ್ಲಿಷ್ ಔಷಧದ ಗುಲಾಮರಾಗಬೇಡಿ. ಹಾಗಲಕಾಯಿ ರಸ, ಮೆಂತ್ಯದ ನೀರು ಕುಡಿಸಿ. ನಮ್ಮ ಮಾವನವರು ಆರು ತಿಂಗಳಲ್ಲಿ ಮಾತ್ರೆ ಬಿಟ್ಟರು.

ಯಾದಗಿರಿ_ಸಿಸ್ಟರ್
ನಿಮ್ಮ ಮಾವನವರದ್ದು ಟೈಪ್ 2. ಅವರ ಮೈಯಲ್ಲಿ ಇನ್ಸುಲಿನ್ ತಯಾರಾಗುತ್ತದೆ. ಈ ಹುಡುಗಿಯ ಮೈಯಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಅವಳ ಮೈಯೇ ನಾಶ ಮಾಡಿದೆ. ಹಾಗಲಕಾಯಿ ಪಲ್ಯಕ್ಕೆ ಸರಿ, ಸೂಜಿಗೆ ಬದಲಾಗಿ ಅಲ್ಲ. ದಯವಿಟ್ಟು ಇಂಥ ಮಾತು ಇಲ್ಲಿ ಬರೆಯಬೇಡಿ. ಯಾರಾದರೂ ನಂಬಿ ಸೂಜಿ ನಿಲ್ಲಿಸಿದರೆ ಆ ಮಗು ಉಳಿಯುವುದಿಲ್ಲ.

ಸಗರನಾಡು_ಮೂಲಿಕೆ
ಎರಡು ಬೇರೆ ಬೇರೆ ಅಂತ ನನಗೆ ಗೊತ್ತಿರಲಿಲ್ಲ. ಸರಿ, ಈ ಹುಡುಗಿಗೆ ನನ್ನ ಮಾತು ಬೇಡ.

ಭಾಲ್ಕಿ_ಗೃಹಿಣಿ
ಜೋಳದ ರೊಟ್ಟಿ ತಿಂದರೆ ಶುಗರ್ ಏರುವುದಿಲ್ಲ ಅಂತಾರಲ್ಲ, ಹಾಗಾದರೆ ಬರೇ ರೊಟ್ಟಿ ಕೊಟ್ಟು ಸೂಜಿ ಕಡಿಮೆ ಮಾಡಬಹುದಾ?

ಆಹಾರ_ತಜ್ಞೆ_ಕಲಬುರಗಿ
ಏರುತ್ತದೆ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಇದೆ. ನಾರು ಇರುವುದರಿಂದ ಅನ್ನದಷ್ಟು ಬೇಗ ಏರುವುದಿಲ್ಲ, ಅಷ್ಟೇ. ಟೈಪ್ 1 ಇದ್ದವರು ರೊಟ್ಟಿಗೂ ಇನ್ಸುಲಿನ್ ಹಾಕಲೇಬೇಕು. ಹಾಕಿಕೊಂಡರೆ ಹೋಳಿಗೆಯನ್ನೂ ಲೆಕ್ಕ ಇಟ್ಟು ತಿನ್ನಬಹುದು. ಊಟಕ್ಕೆ ತಕ್ಕಂತೆ ಡೋಸ್ ಹೊಂದಿಸುವುದನ್ನು ಕಲಿಸುತ್ತಾರೆ. ಆದರೆ ಊಟದ ಕಾಯಿಲೆ ಇದ್ದವರಿಗೆ ಗ್ರಾಂ ಲೆಕ್ಕವೇ ಇನ್ನೊಂದು ಪೀಡೆ ಆಗುವುದನ್ನು ನೋಡಿದ್ದೇನೆ. ಅಂಥವರಿಗೆ ಕೆಲವು ತಿಂಗಳು ಲೆಕ್ಕ ಬಿಟ್ಟು, ಹೊತ್ತಿಗೆ ಸರಿಯಾಗಿ ಊಟ, ಅದಕ್ಕೆ ಗೊತ್ತುಮಾಡಿದ ಡೋಸ್. ಅಷ್ಟು ಸಾಕು ಅಂತೇವೆ.

ಚಿತ್ತಾಪುರ_ರೈತ
ಕರೆಂಟ್ ಹೋದರೆ ಇನ್ಸುಲಿನ್ ಹಾಳಾಗಲ್ವಾ? ನಮ್ಮಲ್ಲಿ ಬೇಸಿಗೆಯಲ್ಲಿ 42 ಡಿಗ್ರಿ. ಮಗನ ಶುಗರ್ ಸುಮ್ನೆ ಏರುತ್ತಿತ್ತು. ಸೂಜಿ ಬಿಡ್ತಾನೆ ಅಂತ ಅವನನ್ನೇ ಬೈದೆ. ನೋಡಿದರೆ ಔಷಧವೇ ಕೆಟ್ಟಿತ್ತು. ಪಾಪ, ಮಗನ ತಪ್ಪು ಇರಲಿಲ್ಲ.

ಯಾದಗಿರಿ_ಸಿಸ್ಟರ್
ಹೌದು, ಅದನ್ನೂ ನೋಡಬೇಕು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರೀಜರಿನಲ್ಲಿ ಬೇಡ, ಗಟ್ಟಿಯಾದರೆ ಎಸೆಯಬೇಕು. ಫ್ರಿಜ್ ಇಲ್ಲದವರು ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ನೆರಳಲ್ಲಿ ಇಡಿ. ಔಷಧಕ್ಕೆ ನೀರು ತಾಗದ ಹಾಗೆ ಡಬ್ಬಿಯಲ್ಲಿ ಇರಲಿ.

ರೋಜಾ_ಬೀದರ್
ನಮ್ಮ ಅಣ್ಣನ ಮಗನಿಗೂ ಟೈಪ್ 1. ಹುಡುಗರಿಗೆ ಇದು ಬರಲ್ಲ ಅಂತ ಯಾರೂ ತಿಳಿಯಬೇಡಿ. ರಂಜಾನ್‌ನಲ್ಲಿ ರೋಜಾ ಇಡ್ತೀನಿ ಅಂತ ಹಟ ಹಿಡಿದ. ಮನೆಯವರಿಗೆ ಖುಷಿ. ಡಾಕ್ಟರ್ ಬೇಡ ಅಂದಿದ್ದರು, ಕಾಯಿಲೆ ಇದ್ದವರಿಗೆ ದೀನ್‌ನಲ್ಲೂ ವಿನಾಯಿತಿ ಇದೆ. ಆಮೇಲೆ ಗೊತ್ತಾಯಿತು, ಅವನಿಗೆ ಬೇಕಿದ್ದದ್ದು ಊಟ ತಪ್ಪಿಸಲು ಒಂದು ಕಾರಣ. ಒಂದು ಸಂಜೆ ಇಫ್ತಾರ್‌ಗೆ ಮುಂಚೆ ಬಿದ್ದುಬಿಟ್ಟ.

ಜಿಮ್_ಗೆಳೆಯ
ಹುಡುಗರ ಮಾತು ಬಂತು ಅಂತ ಹೇಳುತ್ತೇನೆ. ಶುಗರ್ ಇಲ್ಲದ ಹುಡುಗನೊಬ್ಬ ಮಸಲ್ ಬರುತ್ತದೆ ಅಂತ ಇನ್ಸುಲಿನ್ ಚುಚ್ಚಿಕೊಂಡು ನಮ್ಮ ಮುಂದೆಯೇ ಫಿಟ್ಸ್ ಬಂದು ಬಿದ್ದ. ನನಗೆ ಟೈಪ್ 1 ಇದೆ. ನನ್ನ ಪೆನ್ ಕೇಳಿದವರೂ ಇದ್ದಾರೆ. ಯಾರಿಗೂ ಕೊಡಬೇಡಿ. ಶುಗರ್ ಸರ್ರನೆ ಇಳಿದರೆ ಮಿದುಳಿಗೇ ಪೆಟ್ಟು.

ಲ್ಯಾಬ್_ಹುಮನಾಬಾದ್
ಅಂಕಿ ಕೇಳುವವರಿಗೆ. ಅಮೆರಿಕದ ಬೋಸ್ಟನ್‌ನ ಜೋಸ್ಲಿನ್ ಕೇಂದ್ರದವರು ಟೈಪ್ 1 ಇರುವ 234 ಹೆಂಗಸರನ್ನು 11 ವರ್ಷ ಗಮನಿಸಿದರು. 2008ರಲ್ಲಿ ವರದಿ ಬಂತು. ಶುರುವಿನಲ್ಲೇ ನೂರಕ್ಕೆ 30 ಜನ ಇನ್ಸುಲಿನ್ ಕಡಿಮೆ ಹಾಕುತ್ತೇವೆ ಅಂದಿದ್ದರು. ಅವರಲ್ಲಿ ಸಾವಿನ ಅಪಾಯ ಮೂರು ಪಟ್ಟು. ತೀರಿಕೊಂಡವರ ಸರಾಸರಿ ವಯಸ್ಸು 45. ಕಡಿಮೆ ಮಾಡದವರಲ್ಲಿ ತೀರಿಕೊಂಡವರದ್ದು 58. ಕೆನಡಾದಲ್ಲಿ 2000ದಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಟೈಪ್ 1 ಇರುವ ಹುಡುಗಿಯರಲ್ಲಿ ಊಟದ ಕಾಯಿಲೆ ಬೇರೆ ಹುಡುಗಿಯರಿಗಿಂತ ಎರಡು ಪಟ್ಟು ಜಾಸ್ತಿ ಇತ್ತು.

ಪುಸ್ತಕದಲ್ಲಿ 120, 130 ಇದ್ದು ಎಚ್‌ಬಿಎ1ಸಿ 11, 12 ಬಂದರೆ ನಮಗೆ ಲ್ಯಾಬಿನಲ್ಲಿ ಅನುಮಾನ ಬರುತ್ತದೆ. ಅದು ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ.

ಆಳಂದ_ಅಪ್ಪ
ಆದರೆ ಸೂಜಿ ಬಿಡುವವರೆಲ್ಲಾ ತೂಕಕ್ಕೇ ಬಿಡ್ತಾರೆ ಅನ್ನಬೇಡಿ. ನನ್ನ ಮಗಳು ಪರೀಕ್ಷೆ ಹಾಲಿನಲ್ಲಿ ಲೋ ಆದರೆ ಅಂತ ಹೆದರಿ ಕಡಿಮೆ ಹಾಕುತ್ತಿದ್ದಳು. ನಮ್ಮ ಓಣಿಯಲ್ಲಿ ಒಬ್ಬರು ದುಡ್ಡಿಲ್ಲದೆ ದಿನ ಬಿಟ್ಟು ದಿನ ಹಾಕುತ್ತಿದ್ದರು. ಮೊದಲು ಕಾರಣ ಕೇಳಿ, ಆಮೇಲೆ ಹೆಸರಿಡಿ.

ಬೀದರ್_ಕೋಟೆ_ಹುಡುಗಿ
ಸರಿಯಾದ ಮಾತು ಅಣ್ಣಾ. ನಮ್ಮ ಕಡೆ ಇನ್ನೊಂದು ಕಾರಣ ಇದೆ, ಮದುವೆ. ಹೆಣ್ಣು ನೋಡಲು ಬರುವವರಿಗೆ ಗೊತ್ತಾಗಬಾರದು ಅಂತ ಪೆನ್ ಟ್ರಂಕಿನಲ್ಲಿ ಬಚ್ಚಿಡಿಸುತ್ತಾರೆ. ನನ್ನ ಗೆಳತಿ ಮದುವೆಯಾಗಿ ಎಂಟು ದಿನ ಗಂಡನ ಮನೆಯಲ್ಲಿ ಸೂಜಿ ಹಾಕಿಕೊಳ್ಳಲಾಗದೆ ಒಂಬತ್ತನೇ ದಿನ ಐಸಿಯು ಸೇರಿದಳು. ನಾವೇ ಬಚ್ಚಿಡುವುದನ್ನು ಕಲಿಸಿ ಆಮೇಲೆ ಯಾಕೆ ಬಚ್ಚಿಟ್ಟೆ ಅಂತ ಬೈಯುತ್ತೇವೆ.

ಜೇವರ್ಗಿ_ಕಾಕಾ
ಓದಿದೆ ತಂಗಿ. ಏಟಿನ ಮಾತು ಹಿಂದಕ್ಕೆ ತಗೋತೀನಿ. ನನ್ನ ಮೊಮ್ಮಗಳಿಗೂ ಇದೇ ಶುಗರ್ ಇದೆ, ಆರು ವರ್ಷ. "ಡುಮ್ಮಿ" ಅಂತ ಮುದ್ದಿಗೆ ಕರೆಯುತ್ತೇನೆ. ಇವತ್ತಿನಿಂದ ಬಿಟ್ಟೆ.

ಸೇಡಂ_ಅಕ್ಕ
ಮೂರು ದಿನ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ಕೀಟೋನ್ ಜಾಸ್ತಿ ಇತ್ತು. ಸಲೈನ್ ಹಚ್ಚಿ, ಇನ್ಸುಲಿನ್ ಡ್ರಿಪ್ ಕೊಟ್ಟರು. ಇನ್ನೊಂದು ರಾತ್ರಿ ಮನೆಯಲ್ಲೇ ಕಳೆದಿದ್ದರೆ ಕಷ್ಟ ಇತ್ತು ಅಂದರು. ಈಗ ಎದ್ದು ಕೂತಿದ್ದಾಳೆ. ಎಚ್‌ಬಿಎ1ಸಿ 12.4.

ಅಪ್ಪ ಒಂದು ಮಾತು ಬೈಯಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತು ಅತ್ತರು. ಮುಂದೆ ಏನು? ಮಾನಸಿಕ ಡಾಕ್ಟರ ಹತ್ತಿರ ಹೋಗಬೇಕಾ? ಅವ್ವ "ಹುಚ್ಚಿ ಅಂತಾರ" ಅಂತ ಒಪ್ಪುತ್ತಿಲ್ಲ.

ಯಾದಗಿರಿ_ಸಿಸ್ಟರ್
ಹೋಗಲೇಬೇಕು. ಶುಗರ್ ಡಾಕ್ಟರ್, ಮಾನಸಿಕ ಡಾಕ್ಟರ್, ಆಹಾರ ಹೇಳುವವರು, ಮೂವರೂ ಒಬ್ಬರಿಗೊಬ್ಬರು ಮಾತಾಡಿಕೊಳ್ಳಬೇಕು. ಒಬ್ಬರು "ನಂಬರ್ ಇಳಿಸು", ಇನ್ನೊಬ್ಬರು "ನಂಬರ್ ಮರೆತುಬಿಡು" ಅಂದರೆ ಮಗು ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ವಿಭಾಗ ಇದೆ. ಮನೋಚೈತನ್ಯ ಅಂತ ಮಂಗಳವಾರ ತಾಲೂಕು ಆಸ್ಪತ್ರೆಗೂ ಮಾನಸಿಕ ಡಾಕ್ಟರ್ ಬರುವ ಕಾರ್ಯಕ್ರಮ ಇದೆ, ನಿಮ್ಮಲ್ಲಿ ವಿಚಾರಿಸಿ. ರಾತ್ರಿ ಅಳುತ್ತಾ ಕೂತರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಒಂದು ಎಚ್ಚರಿಕೆ. ಶುಗರ್ ಅನ್ನು ಒಂದೇ ತಿಂಗಳಲ್ಲಿ ಪೂರ್ತಿ ಇಳಿಸಬೇಕು ಅಂತ ಅವಸರ ಬೇಡ. ಬಹಳ ದಿನ ಏರಿದ್ದ ಶುಗರ್ ಒಮ್ಮೆಗೇ ಇಳಿದರೆ ನರ ಉರಿಯಬಹುದು, ಕಣ್ಣಿನ ತೊಂದರೆ ಜಾಸ್ತಿ ಆಗಬಹುದು. ಎಷ್ಟು ವೇಗ ಅಂತ ಡಾಕ್ಟರೇ ಹೇಳಬೇಕು. ಕಣ್ಣು ಈಗಲೇ ತೋರಿಸಿ.

ಬೀದರ್_ಕೋಟೆ_ಹುಡುಗಿ
ನನಗೆ ಡಾಕ್ಟರಮ್ಮ ಮೊದಲು ಕೇಳಿದ್ದು ಒಂದೇ. ಏನಾದರಾಗಲಿ, ರಾತ್ರಿ ಹಾಕುವ, ಬಹಳ ಹೊತ್ತು ಕೆಲಸ ಮಾಡುವ ಉದ್ದ ಇನ್ಸುಲಿನ್ ಒಂದು ದಿನವೂ ಬಿಡಬಾರದು. ಊಟದ್ದು ಒಂದೊಂದಾಗಿ ವಾಪಸ್ ಬಂತು. ಅವ್ವ ಪಕ್ಕದಲ್ಲಿ ಕೂರುತ್ತಿದ್ದಳು, ಅಷ್ಟೇ. "ಎಷ್ಟು ಬಂತು" ಅಂತ ಕೇಳುತ್ತಿರಲಿಲ್ಲ. ತಟ್ಟೆ ಕಡೆ ನೋಡುತ್ತಿರಲಿಲ್ಲ. ಆಸ್ಪತ್ರೆಯ ತೂಕದ ಮಷಿನ್ ಮೇಲೆ ಈಗಲೂ ಬೆನ್ನು ತಿರುಗಿಸಿ ನಿಲ್ಲುತ್ತೇನೆ. ಅವರು ಬರೆದುಕೊಳ್ಳುತ್ತಾರೆ, ನನಗೆ ಹೇಳುವುದಿಲ್ಲ.

ನಿಮ್ಮ ಅವ್ವನಿಗೆ ನಾನು ಬರೆದದ್ದನ್ನು ಓದಿ ಹೇಳಿ. ನಾನು ಹುಚ್ಚಿ ಅಲ್ಲ ಅಂತ ಗೊತ್ತಾಗುತ್ತದೆ. ಶಾಲೆಯಲ್ಲಿ ಪಾಠ ಮಾಡುತ್ತೇನೆ.

ಸೇಡಂ_ಅಕ್ಕ
ಹದಿನೈದು ದಿನ ಆಯಿತು. ಇಬ್ಬರು ಡಾಕ್ಟರನ್ನೂ ನೋಡಿದೆವು, ಅವ್ವನೇ ಜೊತೆಗೆ ಬಂದಳು. ಸೂಜಿ ಬಿಡುತ್ತಿಲ್ಲ. ಆದರೆ ಇವತ್ತು ಬೆಳಿಗ್ಗೆ ಚಪ್ಪಲಿ ಕಾಲಿಗೆ ಬಿಗಿ ಆಯಿತು. ಪಾದ, ಮುಖ ಬಾತಿದೆ. "ನೋಡು, ಹೇಳಿದ್ನಲ್ಲ, ಉಬ್ಬಿದೆ" ಅಂತ ಪೆನ್ ಬಿಸಾಡಿದಳು. ಏನು ಹೇಳಲಿ?

ಯಾದಗಿರಿ_ಸಿಸ್ಟರ್
ಅದು ಕೊಬ್ಬಲ್ಲ, ನೀರು. ಒಣಗಿದ್ದ ಮೈಗೆ ಇನ್ಸುಲಿನ್ ಸಿಕ್ಕಾಗ ಅದು ಉಪ್ಪು, ನೀರು ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಸಾಮಾನ್ಯವಾಗಿ ಕೆಲವು ವಾರದಲ್ಲಿ ಇಳಿಯುತ್ತದೆ. ನೀರಿನ ಮಾತ್ರೆ ನೀವಾಗಿಯೇ ಕೊಡಬೇಡಿ. ನಾಳೆಯೇ ಡಾಕ್ಟರಿಗೆ ತೋರಿಸಿ. ಉಸಿರು ಕಟ್ಟಿದರೆ ಈಗಲೇ ಹೋಗಿ. ಬಹಳ ಜನ ಮತ್ತೆ ಬಿಡುವುದು ಇದೇ ಹೊತ್ತಿನಲ್ಲಿ. ಇವತ್ತು ರಾತ್ರಿ ಅವಳ ಪಕ್ಕ ಇರಿ.

ಬೀದರ್_ಕೋಟೆ_ಹುಡುಗಿ
ನನಗೂ ಹಾಗೇ ಆಗಿತ್ತು. ಮೂರನೇ ವಾರ ಕಾಲುಂಗುರ ಮತ್ತೆ ಸಡಿಲ ಆಯಿತು. ಇದನ್ನು ಅವಳಿಗೆ ತೋರಿಸಿ. ಬೇಕಿದ್ದರೆ ನನ್ನ ಜೊತೆ ಮಾತಾಡಲಿ, ನಡುರಾತ್ರಿ ಆದರೂ ಸರಿ. ನಂಬರ್ ಇಲ್ಲಿ ಬೇಡ, ಬೇರೆ ಮೆಸೇಜಿನಲ್ಲಿ ಕಳಿಸುತ್ತೇನೆ.

ಸೇಡಂ_ಅಕ್ಕ
ತೋರಿಸಿದೆ. ಎರಡು ಸಲ ಓದಿದಳು. "ಇವರಿಗೂ ಕಾಲು ಬಾತಿತ್ತಾ?" ಅಂತ ಕೇಳಿದಳು. ಪೆನ್ ಎತ್ತಿಕೊಂಡು ಬಂದು ನನ್ನ ಪಕ್ಕ ಕೂತು ರಾತ್ರಿಯದ್ದು ಹಾಕಿಕೊಂಡಳು. ನಂಬರ್ ಕಳಿಸಿ ಅಕ್ಕಾ. ಮಾತಾಡ್ತಾಳಂತೆ.